ಎರಡು ಕೈಯ ಮರ್ಯಾದೆ

ಮಂಚೇಗೌಡನಂಥ ಕಾರು ಡ್ರೈವರ್ ನಮ್ಮ ಸೀಮೆಯಲ್ಲೇ ಇಲ್ಲ ಬಿಡಿ. ಎಷ್ಟೇ ಹೆದರಿ ನಡುಗಿದರೂ ಅವನ ನಡುಕ ಮೊಣಕೈ ದಾಟಿ ಸ್ಟೀರಿಂಗಿಗೆ ಇಳಿಯುತ್ತಿರಲಿಲ್ಲ. ಆವತ್ತು ಮಾತ್ರ ಇಳಿಯುವ ಹಾಗಿತ್ತು.

ಗಾಡಿ ಓಡಿಸುತ್ತಾ ಫೋನಿನಲ್ಲಿ ಮಾತಾಡಿ ಒಮ್ಮೆ ಸಿಕ್ಕಿಬಿದ್ದಿದ್ದ. ಇನ್ನೊಮ್ಮೆ ಸಿಕ್ಕರೆ ಲೈಸೆನ್ಸೇ ಹೋಗುತ್ತೆ ಅಂದಿದ್ದರು ಪೊಲೀಸರು. ಇತ್ತ ಧಣಿ ಭುಜಂಗರಾಯರು ಬೆಳಿಗ್ಗೆಯೇ ಗುಡುಗಿದ್ದರು: "ಕಾನೂನೆಲ್ಲ ನನ್ನ ಕಾರಿನ ಹೊರಗೆ ಕಣೋ. ಅಮ್ಮಾವ್ರು ಫೋನ್ ಮಾಡಿದ್ರೆ ಓಡಿಸ್ತಿದ್ರೂ ಎತ್ತಬೇಕು. ಎತ್ತಲಿಲ್ವೋ, ಕೆಲಸ ಬಿಟ್ಟು ನಡಿ."

ಚಾರ್ಮಾಡಿ ಘಾಟಿ ಇಳಿಯುತ್ತಿದ್ದರು. ದಟ್ಟ ಮಂಜು, ಪಕ್ಕದಲ್ಲೇ ತಳ ಕಾಣದ ಪ್ರಪಾತ. ಸರಿಯಾಗಿ ತಿರುವಿನಲ್ಲೇ ಗೌಡನ ಫೋನ್ ಬಡಿದುಕೊಂಡಿತು. ರಾಯರ ಹೆಂಡತಿ, ಅಮ್ಮಾವ್ರದ್ದೇ.

"ಎತ್ತೋ," ಅಂದರು ಹಿಂದಿನ ಸೀಟಿನಿಂದ ರಾಯರು.

ಗೌಡ ತಲೆಯಾಡಿಸಿದ. "ಎತ್ತುತೀನಿ ಸಾರ್. ಆದ್ರೆ ಅಮ್ಮಾವ್ರ ಫೋನನ್ನ ಒಂದೇ ಕೈಲಿ ಹಿಡಿಯೋಕಾಗುತ್ತಾ? ಅವರು ಕಾಫಿ ಲೋಟ ಕೊಟ್ರೂ ನಾನು ಎರಡೂ ಕೈ ಚಾಚೇ ತಗೊಳ್ಳೋನು." ಹಾಗನ್ನುತ್ತಾ ಸ್ಟೀರಿಂಗಿನಿಂದ ಕಿರುಬೆರಳು ಬಿಡಿಸಿದ. ಆಮೇಲೆ ಅದರ ಪಕ್ಕದ್ದು. "ಚಪ್ಪಲಿನೂ ಬಿಡ್ಬೇಕು ಸಾರ್. ಬ್ರೇಕ್ ಮೇಲಿರೋ ಕಾಲಿಂದು."

ಮಂಜಿನೊಳಗಿಂದ ಲಾರಿಯ ದೀಪ ಮೂಡಿತು. ರಾಯರು ಮುಂದಕ್ಕೆ ಬಾಗಿ ಫೋನನ್ನು ತಾವೇ ಕಸಿದುಕೊಂಡರು. ದನಿ ಕೀರಲಾಗಿತ್ತು. "ನೋಡಮ್ಮಾ, ಡ್ರೈವರ್ ಗಾಡಿ ಓಡಿಸ್ತಿದ್ದಾನೆ. ಓಡಿಸುವಾಗ ಮಾತಾಡಬಾರದು ಅಂತ ಕಾನೂನಿದೆ. ದಯವಿಟ್ಟು ಇಡು."

ಅಮ್ಮಾವ್ರ ದನಿ ಕಾರಿನ ತುಂಬಾ ಕೇಳಿಸಿತು: "ಯಾರಪ್ಪಾ ನೀನು, ನನಗೇ ಕಾನೂನು ಹೇಳೋನು? ನಮ್ಮ ಯಜಮಾನರ ಕೈಗೆ ಕೊಡು."