ಮೂಳೆ ಕಟ್ಟುವವನ ಹಿತ್ತಲ ಕೋಣೆ

"ಬುದ್ಧಿ, ಒಳಗೆ ಕಾಲಿಡಬೇಡ ಅಂತ ತಡೆದ ಮೇಲೂ ಆ ಯಂತ್ರ ಊರಿಗೆಲ್ಲ ಯಾಕೆ ಹೇಳ್ತಾ ಇದೆ?" ಎಂದು ಶಾಂತವೀರ ಗುರುಗಳನ್ನು ಕೇಳಿದ.

ಶಾಂತವೀರ ಮಠದ ವೆಬ್‌ಸೈಟ್ ನೋಡಿಕೊಳ್ಳುವ ಶಿಷ್ಯ. ಮಠದ ಧರ್ಮಾಸ್ಪತ್ರೆ ಯಾವ ದಿನ, ಯಾವ ಹೊತ್ತಿಗೆ ತೆರೆದಿರುತ್ತದೆ ಎಂಬುದೆಲ್ಲ ಅದರಲ್ಲಿತ್ತು. ಆದರೆ ಸರ್ಚ್ ಎಂಜಿನ್‌ನಲ್ಲಿ ಹುಡುಕಿದವರಿಗೆ ಆ ಪುಟಕ್ಕಿಂತ ಮೊದಲು ಪ್ಲಗಿನ್ ಕಡತಗಳು ಸಿಗುತ್ತಿದ್ದವು. ವೆಬ್‌ಸೈಟನ್ನು ಹಿಂದೆ ನಿಂತು ನಡೆಸುವ ಸಾಮಾನು ಅವು. ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. ಹೀಗೆ ದಿನ ತಿಳಿಯದೆ ಒಬ್ಬಾತ ಕಣ್ಣು ಮಂಜಾದ ತಾಯಿಯನ್ನು ಕರೆದುಕೊಂಡು, ಎರಡು ಬಸ್ಸು ಬದಲಿಸಿ ಬಂದು, ಆಸ್ಪತ್ರೆಯ ಬೀಗ ನೋಡಿಕೊಂಡು ಹೋಗಿದ್ದ.

ಅಂದು ಶಾಂತವೀರ ಸರಿಯಾಗಿ ಉಣ್ಣಲಿಲ್ಲ. ಸರ್ಚ್ ಎಂಜಿನ್ನಿನ ಯಂತ್ರ ಆ ಕಡತಗಳ ಕಡೆ ಸುಳಿಯಬಾರದೆಂದು ವೆಬ್‌ಸೈಟಿನ ಬಾಗಿಲಲ್ಲೇ ಬರೆದುಹಾಕಿದ. ಯಂತ್ರ ಮಾತು ಕೇಳಿತು, ಸುಳಿಯಲಿಲ್ಲ. ಆದರೆ ವಾರ ಕಳೆದರೂ ಕಡತಗಳ ಹೆಸರುಗಳು ಹುಡುಕಿದವರ ಕಣ್ಣಿಗೆ ಬೀಳುತ್ತಲೇ ಇದ್ದವು. ಅವನು ರೋಸಿಹೋಗಿದ್ದ.

ಗುರುಗಳಿಗೆ ಪ್ಲಗಿನ್ ಎಂದರೇನೆಂದು ಗೊತ್ತಿತ್ತೋ ಇಲ್ಲವೋ, ಶಿಷ್ಯನ ಮುಖ ಬಾಡಿದ್ದು ಮಾತ್ರ ಕಂಡಿತು. ಹತ್ತಿರ ಕೂರಿಸಿಕೊಂಡು ಕತೆ ಹೇಳಿದರು.

ಒಂದೂರಿನಲ್ಲಿ ಮುರಿದ ಮೂಳೆ ಕಟ್ಟುವವನೊಬ್ಬನಿದ್ದ. ಅವನು ಕಟ್ಟುವುದು ಮುಂದಿನ ಜಗಲಿಯಲ್ಲಿ. ಹಿತ್ತಲ ಕೋಣೆಯಲ್ಲಿ ಅವನ ಹೆಂಡತಿ ಬಿದಿರಿನ ದಬ್ಬೆ ಸೀಳುತ್ತಿದ್ದಳು, ಸೊಪ್ಪು ಅರೆಯುತ್ತಿದ್ದಳು, ಕಟ್ಟುವ ಬಟ್ಟೆ ಹರಿದಿಡುತ್ತಿದ್ದಳು. ಅದೇ ಊರಿನಲ್ಲಿ ದಾರಿ ಹೇಳುವವನೊಬ್ಬನಿದ್ದ. ಬೆಳಗಾದರೆ ಬೀದಿಬೀದಿ ಸುತ್ತಿ, ಎಲ್ಲಿ ಏನಿದೆಯೆಂದು ಕಣ್ಣಾರೆ ಕಂಡು, ಆಮೇಲೆ ಊರ ಬಾಗಿಲಲ್ಲಿ ಕೂತು ಕೇಳಿದವರಿಗೆಲ್ಲ ಹೇಳುವನು. ಅವನಿಗೆ ಅದೇ ಕೆಲಸ, ಅದೇ ಸುಖ. ಕಂಡದ್ದನ್ನು ಬಾಯಲ್ಲಿ ಇಟ್ಟುಕೊಳ್ಳುವುದು ಅವನ ಜಾಯಮಾನದಲ್ಲೇ ಇರಲಿಲ್ಲ.

ಕೈಕಾಲು ಮುರಿದವರು ಬಂದು ಕೇಳಿದರೆ ಅವನು ಹಿತ್ತಲ ಕೋಣೆಯನ್ನೂ ಹೇಳಿಬಿಡುತ್ತಿದ್ದ. ಜನ ಜಗಲಿ ಬಿಟ್ಟು ಹಿತ್ತಲಿಗೆ ನುಗ್ಗುವರು. ಕೆಲವರಂತೂ ಮಹಾ ಬುದ್ಧಿವಂತರು, ತಾವೇ ದಬ್ಬೆ ಎತ್ತಿಕೊಂಡು ಸೊಟ್ಟಸೊಟ್ಟಗೆ ಕಟ್ಟಿಕೊಂಡು ಹೋಗುವರು. ಮೂಳೆ ಕಟ್ಟುವವನಿಗೆ ಸಿಟ್ಟು ನೆತ್ತಿಗೇರಿತು. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿದ. ದಾರಿ ಹೇಳುವವನನ್ನು ಬೀದಿಯಲ್ಲೇ ನಿಲ್ಲಿಸಿ, ಇನ್ನು ಈ ಕಡೆ ಕಾಲಿಡಕೂಡದು ಎಂದ.

ಅವನು ಮರ್ಯಾದಸ್ಥ, ಮತ್ತೆ ಕಾಲಿಡಲಿಲ್ಲ. ಆದರೆ ಬಿದಿರು ತರುವವನು, ಸೊಪ್ಪು ಮಾರುವವಳು ದಾರಿಯಲ್ಲಿ ಸಿಕ್ಕಾಗಲೆಲ್ಲ ಆ ಕೋಣೆಗೇ ಹೊರಟಿದ್ದೇವೆ ಎನ್ನುತ್ತಿದ್ದರು. ಹಾಗಾಗಿ ಅವನು ಬಂದವರಿಗೆ ಹೇಳುತ್ತಲೇ ಇದ್ದ: ಮೂಳೆ ಕಟ್ಟುವವನ ಹಿತ್ತಲಲ್ಲಿ ಒಂದು ಕೋಣೆ ಇದೆಯಂತೆ, ಒಳಗೇನಿದೆಯೋ ನಾನು ಕಾಣೆ.

ಒಂದು ದಿನ ತಾಯಿಯೊಬ್ಬಳು ತೋಳು ಮುರಿದ ಕೂಸನ್ನು ಎತ್ತಿಕೊಂಡು ಬಂದಳು. ಅವನು ಹೇಳಿದ ಗುರುತು ಹಿಡಿದು ಹಿತ್ತಲಿಗೇ ಹೋದಳು. ಬಾಗಿಲು ತಟ್ಟಿದಳು. ಅರೆಯುವ ಕಲ್ಲಿನ ಸದ್ದಿನಲ್ಲಿ ಒಳಗಿದ್ದ ಹೆಂಡತಿಗೆ ಅದು ಕೇಳಿಸಲಿಲ್ಲ. ತಾಯಿ ಬಹಳ ಹೊತ್ತು ಕಾದಳು. ಇವರಿಗೆ ನಾವು ಬೇಡವಾದೆವು ಎಂದುಕೊಂಡು, ಕೂಸನ್ನು ಹೆಗಲಿಗೆ ಹಾಕಿಕೊಂಡು ತಿರುಗಿ ನಡೆದಳು. ಅರೆಯುವುದು ನಿಂತಾಗ ಹೆಂಡತಿಗೆ ದೂರದಲ್ಲಿ ಅಳು ಕೇಳಿತು. ಅಗುಳಿ ತೆಗೆದು ನೋಡಿದರೆ ಅವರು ಬೀದಿಯ ತುದಿ ಮುಟ್ಟಿದ್ದರು. ಕೈಗಂಟಿದ ಸೊಪ್ಪನ್ನೂ ತೊಳೆಯದೆ ಓಡಿಹೋಗಿ ಕರೆತಂದಳು. ಗಂಡ ಜಗಲಿಯಲ್ಲಿ ತೋಳು ಕೂಡಿಸಿ ಕಟ್ಟಿದ. ಕೂಸು ಬಿಕ್ಕುತ್ತ ಬಿಕ್ಕುತ್ತ ತಾಯಿಯ ಮಡಿಲಲ್ಲೇ ನಿದ್ದೆ ಹೋಯಿತು. ಇನ್ನೇನು ಕೈತಪ್ಪಿ ಹೋಗುತ್ತಿತ್ತಲ್ಲ ಎಂದು ಗಂಡ ಆಮೇಲೂ ಹೇಳಿಕೊಳ್ಳುತ್ತಿದ್ದ.

ಮರುದಿನ ಹೆಂಡತಿ ದಾರಿ ಹೇಳುವವನನ್ನು ಕರೆಸಿದಳು. ಗಂಡ ಬೇಡವೆಂದ. ಒಳಗೆ ಬಿಟ್ಟರೆ ಇನ್ನಷ್ಟು ಡಂಗುರ ಹೊಡೆಯುತ್ತಾನೆ ಎಂದ. ಅವಳು ಕೇಳಲಿಲ್ಲ. ಹಿತ್ತಲ ಕೋಣೆಯಲ್ಲೇ ಮಣೆ ಹಾಕಿ ಕೂರಿಸಿದಳು, ಮಜ್ಜಿಗೆ ಕೊಟ್ಟಳು. ದಬ್ಬೆ, ಕಲ್ಲು, ಬಟ್ಟೆ ಒಂದೊಂದನ್ನೂ ತೋರಿಸಿದಳು.

"ನೋಡಿದೆಯಲ್ಲ ಅಣ್ಣಾ, ಇಲ್ಲಿರೋದು ಬರೀ ಸಾಮಾನು. ನೋವು ಅಂತ ಬಂದವರಿಗೆ ಇಲ್ಲಿ ಏನೂ ಇಲ್ಲ. ಇನ್ಮೇಲೆ ಈ ಕೋಣೆ ಹೆಸರು ಎತ್ತಬೇಡ, ಜಗಲಿ ತೋರಿಸು."

"ಅಷ್ಟೇ ತಾನೆ ತಾಯಿ? ಮೊದಲೇ ಹೇಳಿದ್ದಿದ್ರೆ ಎತ್ತುತ್ತಲೇ ಇರಲಿಲ್ಲ," ಎಂದು ಅವನು ಮಜ್ಜಿಗೆ ಕುಡಿದ.

ಅಂದಿನಿಂದ ಅವನ ಬಾಯಲ್ಲಿ ಆ ಕೋಣೆಯ ಸುದ್ದಿ ಬರಲಿಲ್ಲ. ಆ ಬಾಗಿಲು ಅವನಿಗೆ ಮತ್ತೆ ಯಾವತ್ತೂ ಮುಚ್ಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಶಾಂತವೀರನಿಗೆ ಆ ಹೆಂಗಸಿನ ಮೇಲೆ ಅಕ್ಕರೆ ಹುಟ್ಟಿತ್ತು, ಆದರೆ ಹಟ ಇಳಿದಿರಲಿಲ್ಲ. ತಡೆಯುವುದರಲ್ಲಿ ನಾನೇನೂ ಕಡಿಮೆ ಮಾಡಿಲ್ಲ ಬುದ್ಧಿ, ಎಂದ.

ಗುರುಗಳು ಅವನ ತಲೆ ಸವರಿದರು.

"ತಡೆದೆ, ಸರಿ. ಒಳಗೆ ಕರೆದು ಹೇಳಿದೆಯಾ, ಮಗೂ?"

ಶಾಂತವೀರ ಎದ್ದು ಹೋಗಿ ಬಾಗಿಲಲ್ಲಿ ಬರೆದ ತಡೆಯನ್ನು ಅಳಿಸಿದ, ಯಂತ್ರ ಒಳಗೆ ಬಂದು ಓದಲೆಂದು ಒಂದೊಂದು ಕಡತದ ಮೇಲೂ 'ಇದನ್ನು ಹುಡುಕಿದವರಿಗೆ ತೋರಿಸಬೇಡ' ಎಂದು ಬರೆಯತೊಡಗಿದ.