ಕೆಡಿಸಬಾರದ ಹಾಳೆ

ಕೈಯಿಂದ ಪುಸ್ತಕ ಕಟ್ಟುವುದನ್ನು ಕಲಿಸುವ ಶಿಬಿರದಲ್ಲಿ ಮಂದಾಕಿನಿ ಎಂಬವರು ಹೊಲಿದ ಪುಸ್ತಕ, ಮೇಜಿಗೆ ಹಾಸಿದ್ದ ಹಳೇ ಪತ್ರಿಕೆಗೆ ಹೇಳಿತು: "ಮೈತುಂಬ ಮೈದಾ ಅಂಟು ಮೆತ್ತಿಕೊಂಡಿದ್ದೀಯ, ಆಚೆ ಸರಿ. ನಾನು ಪುಸ್ತಕ."

"ಒಳಗೇನು ಬರೆದಿದೆ?" ಎಂದಿತು ಪತ್ರಿಕೆ.

"ಏನೂ ಇಲ್ಲ. ಇಷ್ಟು ಚೆಂದದ ಹಾಳೆಯನ್ನು ಬರೆದು ಕೆಡಿಸಬಾರದು ಅಂತ ಅಮ್ಮಾವ್ರೇ ಹೇಳಿದ್ದಾರೆ."

ಮರುವರ್ಷದ ಶಿಬಿರಕ್ಕೆ ಮಂದಾಕಿನಿ ಅದೇ ಪುಸ್ತಕವನ್ನು ಮಾದರಿಯೆಂದು ತಂದು, ಮೇಜಿನ ಮೇಲೆ ಹಾಸಿದ್ದ ಇನ್ನೊಂದು ಹಳೇ ಪತ್ರಿಕೆಯ ಮೇಲಿಟ್ಟರು. ಅಂಟು ಒಣಗುವವರೆಗೆ ಎಲ್ಲರಿಗೂ ಬಿಡುವು. ಹೊಸದಾಗಿ ಸೇರಿದ್ದ ಮೇಷ್ಟ್ರೊಬ್ಬರು ಪುಸ್ತಕವನ್ನು ಕೊನೆಯ ಹಾಳೆಯವರೆಗೂ ತಿರುವಿ, "ಅಬ್ಬಾ, ಒಂದು ಗೀಟೂ ಬಿದ್ದಿಲ್ಲವಲ್ರೀ!" ಎಂದು ಹೊಗಳಿದರು. ಆಮೇಲೆ ಅದನ್ನು ಮೆಲ್ಲಗೆ ಆಚೆ ಸರಿಸಿ, ಅದರಡಿ ಅರ್ಧ ಮುಚ್ಚಿಹೋಗಿದ್ದ ಹಳೇ ಸುದ್ದಿಯನ್ನು ಬಗ್ಗಿ ಓದತೊಡಗಿದರು.