ಒಂದು ದಿನದ ಬ್ಲೌಸು

ತಿಪಟೂರಿನ ವನಜಕ್ಕನ ಹೊಲಿಗೆ ಅಂಗಡಿಗೆ ಲಾಸ್ಯ ಅನ್ನೋ ಹುಡುಗಿ ರೇಷ್ಮೆ ಬಟ್ಟೆ ಹಿಡಿದು ಬಂದಳು. ಇನ್‌ಸ್ಟಾಗ್ರಾಮಿನಲ್ಲಿ ಅವಳಿಗೆ ನಲವತ್ತು ಸಾವಿರ ಫಾಲೋವರ್ಸು. ಆ ಗತ್ತೆಲ್ಲ ನಡಿಗೆಯಲ್ಲೇ ಇತ್ತು.

"ಭಾನುವಾರ ನಮ್ಮಕ್ಕನ ಮದುವೆ. ಬ್ಲೌಸು ಹೊಲಿದುಕೊಡಿ. ದುಡ್ಡು ಕೊಡಲ್ಲ, ನಿಮ್ಮ ಅಂಗಡಿ ಹೆಸರನ್ನ ಸ್ಟೋರಿಯಲ್ಲಿ ಹಾಕ್ತೀನಿ. ಆಗಲ್ಲ ಅಂದ್ರೆ, ಹೊಲಿಗೆ ಸರಿಯಿಲ್ಲ ಅಂತಾನೂ ಹಾಕಬಹುದು."

ವನಜಕ್ಕ ಟೇಪನ್ನು ಕೊರಳಿಗೆ ಹಾಕಿಕೊಂಡಳು. "ಆ ಸ್ಟೋರಿ ಎಷ್ಟು ದಿನ ಇರುತ್ತಮ್ಮ?"

"ಒಂದು ದಿನ. ಆಮೇಲೆ ತಾನಾಗೇ ಹೋಗುತ್ತೆ."

"ಆಯ್ತು, ಶುಕ್ರವಾರ ಬಾ."

ಶುಕ್ರವಾರ ಬ್ಲೌಸು ಮೈಗೆ ಎರಕ ಹೊಯ್ದ ಹಾಗೆ ಕೂತಿತು. ಲಾಸ್ಯ ಕನ್ನಡಿ ಮುಂದೆ ಫೋಟೋ ತೆಗೆದು ಸ್ಟೋರಿ ಹಾಕಿದಳು. ಕೂದಲು ಸರಿಮಾಡಿಕೊಳ್ಳೋಕೆ ಕೈ ಎತ್ತಿದಳು. ಕಂಕುಳಲ್ಲಿ ದಾರ ಬಿಟ್ಟುಕೊಂಡಿತು.

"ಏನಾಂಟಿ ಇದು?"

"ಕಚ್ಚಾ ಹೊಲಿಗೆ ಕಣಮ್ಮ. ಅಳತೆ ನೋಡೋಕೆ ಕೈಯಲ್ಲಿ ಹಾಕೋದು. ಹುಷಾರಾಗಿ ತೊಟ್ಟರೆ ಒಂದು ದಿನ ಬರುತ್ತೆ. ನಿನ್ನ ಸ್ಟೋರಿಯೂ ಅಷ್ಟೇ ಅಲ್ವಾ?"

"ಮದುವೆ ನಾಡಿದ್ದು ಆಂಟಿ."

"ಹೌದಲ್ಲ," ಅಂದ ವನಜಕ್ಕ ಮಿಷನ್ನಿಗೆ ಎಣ್ಣೆ ಬಿಡತೊಡಗಿದಳು.

ಲಾಸ್ಯ ಉಸಿರು ಬಿಗಿಹಿಡಿದೇ ಮತ್ತೆ ಫೋನು ಎತ್ತಿದಳು. ಈ ಸಲ ಹಾಕಿದ್ದು ಅಳಿಸುವವರೆಗೂ ಉಳಿಯೋ ಪೋಸ್ಟು, ಅಂಗಡಿ ವಿಳಾಸದ ಸಮೇತ. ಅದನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದ ಮೇಲೆಯೇ ವನಜಕ್ಕ ಮಿಷನ್ ತುಳಿದದ್ದು.

"ಈ ಹೊಲಿಗೆ ಎಷ್ಟು ದಿನ ಬರುತ್ತೆ ಆಂಟಿ?"

"ನಿನ್ನ ಪೋಸ್ಟು ಇರೋವರೆಗೂ."

ಮದುವೆಯಾಗಿ ವರ್ಷವಾಯಿತು. ಪೋಸ್ಟು ಅಲ್ಲೇ ಇದೆ. ಅಳಿಸೋಣ ಅಂತ ಬೆರಳು ಹೋದಾಗಲೆಲ್ಲ ಲಾಸ್ಯ ಮೊದಲು ಕಂಕುಳು ಮುಟ್ಟಿ ನೋಡಿಕೊಳ್ತಾಳೆ.